ನೂರ ನಲವತ್ತೆರಡನೆಯ ಕಿಲೋಮೀಟರು

ಬೆಳಿಗ್ಗೆ ಚಹಾದ ಲೋಟ ಮುಂದಿಡುತ್ತ ಅತ್ತೆ ಬಂಗಾರೆವ್ವ ಕೇಳಿದ ಮಾತು ಓಕ್‌ಲ್ಯಾಂಡಿನಾಚೆಯ ಡಬ್ಲಿನ್ ಸ್ಟೇಷನ್ನಿನ ಪಾರ್ಕಿಂಗ್ ಲಾಟಿನವರೆಗೂ ಮಾಧುರಿಯ ಬೆನ್ನು ಬಿಟ್ಟಿರಲಿಲ್ಲ. "ನಿದ್ದ್ಯಾಗ ಏನವಾ ಅದು, ನಿಲ್ತೈತಿ ನಿಲ್ತೈತಿ ಅಂತ ಬಡಬಡಸ್ತಿದ್ದಿ? ಏನ ನಿಲ್ಲೂದು?" ಮಾಧುರಿ ಶೂ ಹಾಕಿಕೊಳ್ಳುತ್ತ, "ರೈಲು, ಅತ್ತಿ" ಅಂದಿದ್ದಳು. "ರೈಲು ತಾ ನಿಂದ್ರೂ ಜಾಗಾದಾಗ ನಿಂದರತೈತಿ. ಅದಕ್ಕ ನೀ ಯಾಕ ನಿದ್ದಿಗೆಡ್ತಿ?" ಎಂದು ಮುದುಕಿ ನಕ್ಕಿದ್ದಳು. ಆ ನಗುವಿನಲ್ಲಿ ಏನೂ ಇರಲಿಲ್ಲ. ಆದರೂ ತಾನು ಎರಡು ವರ್ಷದಿಂದ ಯಾರಿಗೂ ಹೇಳದೆ ಇಟ್ಟುಕೊಂಡಿದ್ದನ್ನು ಅಡುಗೆಮನೆಯ ಬೆಳಕಿನಲ್ಲಿ ಬಿಚ್ಚಿ ಹರಡಿದ ಹಾಗೆ ಮಾಧುರಿಗೆ ನಾಚಿಕೆಯಾಗಿತ್ತು. ನಿದ್ದೆಯಲ್ಲಿ ಹೇಳಿದ್ದು ಅದೊಂದೇ ಮಾತೋ, ಇನ್ನೂ ಏನಾದರೂ ಅಂದಿದ್ದೆನೋ ಎಂದು ಕೇಳಲು ಬಾಯಿ ಬರದೆ ಚಹಾ ಅರ್ಧಕ್ಕೆ ಬಿಟ್ಟು ಹೊರಟಿದ್ದಳು.

ಬಾರ್ಟ್ ಎಂಬ ಲೋಕಲ್ ರೈಲು ಫ್ರೀವೇಯ ನಟ್ಟನಡುವೆ ಓಡುತ್ತಿತ್ತು. ಎರಡೂ ಬದಿಗೆ ಕಾರುಗಳು, ಅವುಗಳಾಚೆ ಮೇ ತಿಂಗಳ ಗುಡ್ಡಗಳು, ಅರ್ಧ ಹಸಿರು, ಅರ್ಧ ಒಣಹುಲ್ಲಿನ ಬಣ್ಣ. ಕಿಟಕಿಗೆ ತಲೆ ಆನಿಸಿ ಕಣ್ಣು ಸಡಿಲ ಬಿಟ್ಟರೆ ಸಾಕು, ಗುಡ್ಡಗಳು ನಿಧಾನವಾಗಿ ಎತ್ತರವಾಗುತ್ತಿದ್ದವು. ತುದಿಗೆ ಹಿಮ ಹತ್ತುತ್ತಿತ್ತು. ಇಳಿಜಾರಿನ ಮೇಲೆ ಕುರಿಗಳು ಚೆಲ್ಲಿದ ಅಕ್ಕಿಯಂತೆ ಕಾಣಿಸುತ್ತಿದ್ದವು. ಆ ಪರ್ವತದ ಆಚೆಗೊಂದು ದೇಶ, ಈಚೆಗೊಂದು ದೇಶ. ಗುಟ್ಟು ಕಾಯುವ ಸಲುವಾಗಿ ವರದಿಯಲ್ಲಿ ಅವನ್ನು 'ಎ' ಮತ್ತು 'ಬಿ' ಎಂದು ಬರೆದು ಬರೆದು ಅವುಗಳ ನಿಜವಾದ ಹೆಸರು ನಾಲಿಗೆಗೆ ಬರುವುದೇ ನಿಂತುಹೋಗಿತ್ತು. ಎ ದೇಶದ ಕಾರ್ಖಾನೆಯ ಸರಕು ದೂರದ ಪೇಟೆಗಳಿಗೆ ಸಮುದ್ರ ಸುತ್ತಿಕೊಂಡು ಹೋಗಲು ಮೂವತ್ತೈದು ದಿನ. ಪರ್ವತ ಕೊರೆದು ಹಳಿ ಹಾಸಿದರೆ ಹದಿಮೂರು. ಬಿ ದೇಶಕ್ಕೆ ಸಮುದ್ರವೇ ಇಲ್ಲ. ಅದು ಇಷ್ಟು ಕಾಲವೂ ಒಬ್ಬನೇ ನೆರೆಯವನ ಬಾಗಿಲಲ್ಲಿ ಕೈಕಟ್ಟಿ ನಿಂತಿದೆ. ರೈಲು ಬಂದರೆ ಅದಕ್ಕೆ ಎರಡನೆಯ ಬಾಗಿಲು ಸಿಗುತ್ತದೆ. ಎರಡನೆಯ ಬಾಗಿಲು ಇರುವವನ ಜೊತೆ ಮೊದಲನೆಯ ಬಾಗಿಲಿನವನು ಮಾತಾಡುವ ಧಾಟಿಯೇ ಬೇರೆಯಾಗುತ್ತದೆ. ಆ ಧಾಟಿಯ ಬೆಲೆ ಎಷ್ಟು, ಉಳಿದ ಇಪ್ಪತ್ತೆರಡು ದಿನಗಳ ಬೆಲೆ ಎಷ್ಟು ಎಂದು ಹೇಳುವುದು ಮಾಧುರಿಯ ಕೆಲಸ. ಸ್ಯಾನ್ ಮಟಿಯೋದ ಆಫೀಸಿನಲ್ಲಿ ಕೂತು ಹನ್ನೊಂದು ವರ್ಷದಿಂದ ಅವಳು ಇಂಥದೇ ಹೇಳುತ್ತ ಬಂದಿದ್ದಾಳೆ.

ಎರಡು ವರ್ಷದ ಹಿಂದೆ ಒಂದೇ ಒಂದು ಸಲ ಅವಳು ಆ ಪರ್ವತಕ್ಕೆ ಹೋಗಿದ್ದಳು. ಹಳಿ ಹಾಯುವ ದಾರಿಯ ಹಳ್ಳಿಗಳಲ್ಲಿ ಜನರನ್ನು ಮಾತಾಡಿಸಿ ಫಾರಂ ತುಂಬುವ ಕೆಲಸ: ತಿಂಗಳಿಗೆ ಎಷ್ಟು ಸಲ ಪೇಟೆಗೆ ಹೋಗುತ್ತೀರಿ, ಯಾತಕ್ಕೆ, ಎಷ್ಟು ಹೊತ್ತು ಹಿಡಿಯುತ್ತದೆ. ಜೊತೆಗೆ ಐಬೆಕ್ ಎಂಬ ದುಭಾಷಿ; ಕೆಳಗಿನ ಕಣಿವೆಯ ಶಾಲೆಯಲ್ಲಿ ಇಂಗ್ಲಿಷ್ ಕಲಿಸುವ ಹುಡುಗುಮುಖದ ಮೇಷ್ಟ್ರು. ನೂರ ನಲವತ್ತೆರಡನೆಯ ಕಿಲೋಮೀಟರಿನಲ್ಲಿ ಹನ್ನೆರಡು ಮನೆಗಳ ಒಂದು ಊರಿತ್ತು. ಅದರ ಹೆಸರನ್ನು ಮಾಧುರಿ ಮೂರು ಸಲ ಹೇಳಿದಾಗಲೂ ಮಕ್ಕಳು ನಕ್ಕವು. ಆಮೇಲೆ ಅವಳಿಗೂ ಅದು ಬರೀ ನೂರ ನಲವತ್ತೆರಡು. ಕೊನೆಯ ಮನೆ ಬೂರುಲ್ ಎಂಬ ಮುದುಕಿಯದು. ಮನೆಯ ಹಿಂದೆ ಅಷ್ಟು ಇಳಿಜಾರಿನ ನಡುವೆ ಅಂಗೈ ಚಾಚಿದ ಹಾಗೆ ಒಂದು ಸಮತಟ್ಟಾದ ಹುಲ್ಲುಗಾವಲು. ಮುದುಕಿ ಒಲೆಯ ಮುಂದೆ ಕೂರಿಸಿ, ಬೋಗುಣಿಯಲ್ಲಿ ಚಹಾ ಕೊಟ್ಟು, ರೊಟ್ಟಿ ಮುರಿದು ಕೈಗಿಟ್ಟಳು. ಫಾರಮ್ಮಿನ ಪ್ರಶ್ನೆಗಳಿಗೆಲ್ಲ ಸುಮ್ಮನೆ ತಲೆಯಾಡಿಸಿದಳು. ಎಲ್ಲ ಮುಗಿದ ಮೇಲೆ ಅವಳೇ ಒಂದು ಪ್ರಶ್ನೆ ಕೇಳಿದಳು. ಐಬೆಕ್ ಅದನ್ನು ಇಂಗ್ಲಿಷಿಗೆ ತಂದ: "ರೈಲು ನಿಲ್ಲುತ್ತದಾ ಅಂತ ಕೇಳುತ್ತಿದ್ದಾಳೆ." ಮಾಧುರಿಯ ಮಡಿಲಲ್ಲಿದ್ದ ನಕ್ಷೆಯಲ್ಲಿ ನೂರ ನಲವತ್ತೆರಡರ ಪಕ್ಕಕ್ಕೆ ಒಂದು ಚಿಕ್ಕ ಬಿಳಿ ಚುಕ್ಕೆ ಇತ್ತು, ಅಲ್ಲೊಂದು ಪುಟ್ಟ ಸ್ಟೇಷನ್ನು ಮಾಡಬಹುದು ಎಂಬುದರ ಗುರುತು. ಮಾಡಬಹುದು ಅಷ್ಟೆ. ಆದರೆ ಚಹಾ ಬಿಸಿಯಾಗಿತ್ತು, ಕಾಲು ಬೆಚ್ಚಗಾಗಿತ್ತು, ಮುದುಕಿ ಅವಳ ಮುಖವನ್ನೇ ನೋಡುತ್ತಿದ್ದಳು. "ನಿಲ್ಲುತ್ತದೆ" ಎಂದಳು ಮಾಧುರಿ. ಐಬೆಕ್ ಅವಳತ್ತ ಒಂದು ಗಳಿಗೆ ದಿಟ್ಟಿಸಿ, "ಖಂಡಿತವಾಗಿಯಾ?" ಎಂದು ಕೇಳಿದ್ದ. "ಖಂಡಿತ" ಎಂದಿದ್ದಳು. ಅವನು ಅದನ್ನು ತಗ್ಗಿದ ದನಿಯಲ್ಲಿ ಮುದುಕಿಗೆ ಹೇಳಿದ. ಬೂರುಲ್ ಎದ್ದು ಬಂದು ಮಾಧುರಿಯ ಕೈಯನ್ನು ತನ್ನ ಎರಡೂ ಕಣ್ಣಿಗೆ ಒತ್ತಿಕೊಂಡು, ಒಳಗಿನಿಂದ ಕೆನೆಯ ಪಾತ್ರೆಯನ್ನೇ ತಂದು ಮುಂದಿಟ್ಟಳು.

ಆ ಕೆನೆಯ ರುಚಿ ಈಗಲೂ ಯಾವಾಗೆಂದರೆ ಆವಾಗ ಬಾಯಿಗೆ ಬರುತ್ತದೆ. ಗ್ರೋಸರಿ ಅಂಗಡಿಯ ಸಾಲಿನಲ್ಲಿ ನಿಂತಾಗ, ಕಾರಿನಲ್ಲಿ ಕೆಂಪು ದೀಪಕ್ಕೆ ಕಾಯುವಾಗ. ಈ ಮಾರ್ಚ್ ತಿಂಗಳಲ್ಲಿ ಆ ಬಿಳಿ ಚುಕ್ಕೆಯನ್ನು ಅಳಿಸಿದವಳು ಅವಳೇ. ಭಾರದ ಗೂಡ್ಸ್ ಗಾಡಿಯನ್ನು ಏರಿನಲ್ಲಿ ನಿಲ್ಲಿಸಿ ಮತ್ತೆ ಎಬ್ಬಿಸಲು ಹನ್ನೊಂದು ನಿಮಿಷ ಬೇಕು. ಹನ್ನೆರಡು ಮನೆಗಳಿಗಾಗಿ ದಿನಕ್ಕೆ ಇಪ್ಪತ್ತಾರು ಗಾಡಿಗಳ ಹನ್ನೊಂದು ನಿಮಿಷ. 'ಈ ನಿಲ್ದಾಣವನ್ನು ಕೈಬಿಡುವುದು ಸೂಕ್ತ' ಎಂಬ ವಾಕ್ಯವನ್ನು ಅವಳು ಒಂದು ಶುಕ್ರವಾರ ಮಧ್ಯಾಹ್ನ ಸ್ಯಾಂಡ್‌ವಿಚ್ ತಿನ್ನುತ್ತ ಬರೆದಿದ್ದಳು. ಪ್ರಾಜೆಕ್ಟಿನ ಮುಖ್ಯಸ್ಥ ನವೀನ ಅದರ ಪಕ್ಕಕ್ಕೆ 'ಕ್ಲೀನ್ ವರ್ಕ್' ಎಂದು ಟಿಪ್ಪಣಿ ಹಾಕಿದ್ದ. ಇವತ್ತು ಕೊನೆಯ ಮೀಟಿಂಗು. ಇದರ ನಂತರ ವರದಿಗೆ ಮುದ್ರೆ ಬೀಳುತ್ತದೆ. ರೈಲು ಕೊಲ್ಲಿಯ ನೀರಿನ ಕೆಳಗಿನ ಸುರಂಗಕ್ಕೆ ಇಳಿಯಿತು; ಕಿಟಕಿ ಕಪ್ಪಾಗಿ ಅದರಲ್ಲಿ ಅವಳ ಮುಖವೇ ಮೂಡಿತು. ತಲೆಯ ಮೇಲೆ ಇಡೀ ಕೊಲ್ಲಿಯೇ ಇದೆ, ಹಡಗುಗಳು ಸರಕು ಹೊತ್ತು ಮೆಲ್ಲಗೆ ಹಾಯುತ್ತಿವೆ, ಎದುರಿನ ಸೀಟಿನ ಮನುಷ್ಯ ಮಾತ್ರ ನಿಶ್ಚಿಂತೆಯಿಂದ ಬಾಳೆಹಣ್ಣು ಸುಲಿಯುತ್ತಿದ್ದಾನೆ.

ಮಿಲ್‌ಬ್ರೇಯಲ್ಲಿ ಗಾಡಿ ಬದಲಿಸಿ ಆಫೀಸು ಸೇರುವಾಗ ಹತ್ತಕ್ಕೆ ಐದು ನಿಮಿಷ ಇತ್ತು. ನವೀನ ಮಂಡ್ಯದವನು, ಅವಳಿಗಿಂತ ನಾಲ್ಕು ವರ್ಷ ಚಿಕ್ಕವನು, ಅವಳ ಮೇಲಿನವನು. "ರೀ ಮಾಧುರಿ, ಸ್ಲೈಡೆಲ್ಲಾ ನಾನೇ ನೋಡ್ಕೊತೀನಿ. ನಂಬರ್ ಕೇಳಿದ್ರೆ ಮಾತ್ರ ನೀವು ಬಾಯಿ ಬಿಡಿ, ಆಯ್ತಾ?" ಎಂದ, ಪ್ರೀತಿಯಿಂದಲೇ. ಈ ರೈಲಿಗೆ ಸಾಲ ಕೊಡುವವರ ಕಡೆಯ ಮನುಷ್ಯ ಕ್ಯಾಮೆರಾ ಆಫ್ ಮಾಡಿಕೊಂಡಿದ್ದ. ಗೋಡೆಯ ಮೇಲಿನ ಪರದೆಯಲ್ಲಿ ಬೂದು ಬಣ್ಣದ ಒಂದು ಚೌಕ ಮಾತ್ರ ಮಾತಾಡುತ್ತಿತ್ತು. ಮಾತು ಸುರಂಗಗಳ ಮೇಲೆ ಹೋಯಿತು, ಹಳಿಯ ಅಗಲದ ಮೇಲೆ ಹೋಯಿತು. ಗಡಿಯಲ್ಲಿ ಎರಡು ದೇಶದ ಹಳಿಗಳ ಅಗಲ ಬೇರೆ, ಡಬ್ಬಿಗಳನ್ನೆಲ್ಲ ಎತ್ತಿ ಬೇರೆ ಗಾಲಿಯ ಮೇಲೆ ಕೂರಿಸಬೇಕು. ಮಾಧುರಿ ಕೇಳುತ್ತಲೇ ಇದ್ದಳು, ಆದರೆ ಮಾತುಗಳು ಹತ್ತಿಯಲ್ಲಿ ಸುತ್ತಿದ ಹಾಗೆ ದೂರದಿಂದ ಬರುತ್ತಿದ್ದವು. ನೆನಪಿನಲ್ಲಿ ಅವಳಿಗೆ ಏಳು ವರ್ಷ. ಬೆಳಗಾವಿಯಿಂದ ಧಾರವಾಡಕ್ಕೆ ಪ್ಯಾಸೆಂಜರ್ ಗಾಡಿ. ಅಳ್ನಾವರದಲ್ಲಿ ಗಾಡಿ ಸುಮ್ಮನೆ ನಿಂತುಬಿಟ್ಟಿದೆ. ಜನ ಇಳಿದು ನಲ್ಲಿಯಲ್ಲಿ ನೀರು ತುಂಬುತ್ತಿದ್ದಾರೆ, ಒಬ್ಬ ಅಜ್ಜ ಗಂಟು ಹೆಗಲಿಗೇರಿಸಿ ಹಳಿ ದಾಟಿ ತನ್ನ ಹೊಲದ ಕಡೆ ನಡೆದೇಬಿಟ್ಟಿದ್ದಾನೆ. ಯಾಕೆ ನಿಂತಿತು ಎಂದು ಕೇಳಿದರೆ ಅವ್ವ, "ಕ್ರಾಸಿಂಗ್ ಐತಿ. ಎದುರಿಂದು ಬರೂತನಾ ನಮ್ಮದು ನಿಂದರಬೇಕು" ಎನ್ನುತ್ತಾಳೆ.

"ಒಂದು ಮಾತು" ಎಂದಳು ಮಾಧುರಿ. ಚೌಕ ಸುಮ್ಮನಾಯಿತು. "ಈಗ ಮಾತಾಡಿದವರು ಯಾರು, ನವೀನ್ ಅವರ ಅಸಿಸ್ಟೆಂಟಾ?" ಎಂದು ಕೇಳಿತು. ಅಲ್ಲವೆಂದು ಹೇಳಲು ನವೀನ ಒಂದು ಕ್ಷಣ ತಡಮಾಡಿದ. ಆ ಒಂದು ಕ್ಷಣ ಮಾಧುರಿಯ ಕಿವಿ ಬಿಸಿಯಾಯಿತು. ಆ ಬಿಸಿಯೇ ಅವಳನ್ನು ಮುಂದೆ ನೂಕಿತೋ ಏನೋ. ಒಂಟಿ ಹಳಿಯ ದಾರಿ ಇದು, ಎಂದಳು. ನೂರ ಹತ್ತನೆಯ ಕಿಲೋಮೀಟರಿನಿಂದ ನೂರ ಎಪ್ಪತ್ತರವರೆಗೆ ಎದುರುಬದುರು ಗಾಡಿಗಳು ಕ್ರಾಸ್ ಆಗಲು ಎಲ್ಲೂ ಜಾಗವಿಲ್ಲ. ಒಂದು ಗಾಡಿ ಕೆಟ್ಟರೆ ಎರಡೂ ದೇಶ ಕೂತುಬಿಡುತ್ತವೆ. ಗಡಿಯಲ್ಲಿ ಗದ್ದಲವಾದ ದಿನ ಸೈನ್ಯದ ಗಾಡಿಗೆ ದಾರಿ ಬಿಡಬೇಕೆಂದರೆ ಸರಕಿನ ಗಾಡಿಯನ್ನು ಎಲ್ಲಿಗೆ ಸರಿಸುತ್ತೀರಿ? ನೂರ ನಲವತ್ತೆರಡರಲ್ಲಿ ಪಕ್ಕಕ್ಕೊಂದು ಹಳಿ ಹಾಕಿದರೆ ಆ ಭಯ ಇಲ್ಲ. ಹೇಗೂ ಗಾಡಿ ಅಲ್ಲಿ ಕ್ರಾಸಿಂಗಿಗೆ ನಿಲ್ಲುತ್ತದೆ, ಜನ ಹತ್ತಿ ಇಳಿಯಲು ಬೇರೆ ಹೊತ್ತು ಬೇಕಾಗುವುದಿಲ್ಲ. ತನ್ನ ದನಿ ಇಷ್ಟು ಸ್ಪಷ್ಟವಾಗಿ ಕೇಳುವುದು ಅವಳಿಗೇ ಹೊಸದು. ಸೈನ್ಯ ಎಂಬ ಮಾತಿಗೆ ಬೂದು ಚೌಕದ ಉಸಿರು ಬದಲಾದದ್ದೂ ಕೇಳಿಸಿತು. "ಅಷ್ಟು ಉದ್ದದ ಸಮತಟ್ಟು ಜಾಗ ಆ ಇಳಿಜಾರಿನಲ್ಲಿ ಇದೆಯಾ?" "ಒಂದಿದೆ" ಎಂದಳು ಮಾಧುರಿ. "ನಾನು ನೋಡಿದ್ದೇನೆ."

ಅರ್ಧ ಗಂಟೆಯಲ್ಲಿ ಚುಕ್ಕೆ ನಕ್ಷೆಗೆ ಮರಳಿತು. "ಏನ್ರೀ ಇದು! ಮಾರ್ಚಲ್ಲಿ ನೀವೇ ಕೊಂದು, ಮೇನಲ್ಲಿ ನೀವೇ ಬದುಕಿಸಿದ್ರಲ್ಲಾ!" ಎಂದು ನವೀನ ಎಲ್ಲರೆದುರು ಕೈಕುಲುಕಿದ. ಮಾಧುರಿ ತನ್ನ ಮೇಜಿಗೆ ಹೋಗಿ ಎರಡು ವರ್ಷದಿಂದ ಮುಟ್ಟದ ಒಂದು ನಂಬರು ಹುಡುಕಿ ಐಬೆಕ್‌ಗೆ ಮೆಸೇಜು ಬರೆದಳು: ಬೂರುಲ್‌ಗೆ ಹೇಳಿ, ನಾನು ಕೊಟ್ಟ ಮಾತು ಉಳಿಯಿತು, ರೈಲು ಅವಳ ಮನೆಯ ಹತ್ತಿರವೇ ನಿಲ್ಲುತ್ತದೆ. ಅಲ್ಲಿ ಆಗ ನಡುರಾತ್ರಿ ದಾಟಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಅವಳು ಪಾರ್ಕಿಗೆ ನಡೆದುಹೋಗಿ ಕೊಳದ ಪಕ್ಕ ಕೂತಳು. ದೊಡ್ಡ ಕೆಂಪು ಮೀನುಗಳು ಯಾವ ಅವಸರವೂ ಇಲ್ಲದೆ ತೇಲುತ್ತಿದ್ದವು. ಮೈ ಹಗುರಾಗಿತ್ತು. ಬೂರುಲ್ ಹೊಸ ಬಟ್ಟೆ ಉಟ್ಟು ಪ್ಲಾಟ್‌ಫಾರಮ್ಮಿನಲ್ಲಿ ನಿಂತಿದ್ದಾಳೆ, ಗಡಿಯಾಚೆಯ ತಂಗಿಯನ್ನೋ ಮಗಳನ್ನೋ ನೋಡಲು ಹೊರಟಿದ್ದಾಳೆ. ಅವಳಿಗೆ ಆಚೆ ಯಾರಾದರೂ ಇದ್ದಾರೆಯೇ ಎಂದು ಫಾರಮ್ಮಿನಲ್ಲಿ ಕೇಳಿರಲಿಲ್ಲ. ಇದ್ದಾರೆ ಎಂದೇ ಮಾಧುರಿ ಇಟ್ಟುಕೊಂಡಳು. ಸೈನ್ಯದ ಹೆಸರು ಹೇಳಿ ಗಿಟ್ಟಿಸಿದ ನಿಲ್ದಾಣ ಎಂಬುದು ಎಲ್ಲೋ ಸಣ್ಣಗೆ ಚುಚ್ಚಿತು. ಮೀನೊಂದು ಹೊರಳಿದಾಗ ಅದೂ ಮುಳುಗಿಹೋಯಿತು.

ಸಂಜೆ ಮಿಲ್‌ಬ್ರೇಯ ಪ್ಲಾಟ್‌ಫಾರಮ್ಮಿನಲ್ಲಿ ಬಾರ್ಟಿಗೆ ಕಾಯುತ್ತಿದ್ದಾಗ ಐಬೆಕ್‌ನ ಕರೆ ಬಂತು. ಅಲ್ಲಿ ಆಗಷ್ಟೇ ಬೆಳಗಾಗುತ್ತಿತ್ತು. ಅವನ ದನಿಯ ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು.

"ನಿಮ್ಮ ಮೆಸೇಜು ನನಗೆ ಅರ್ಥವಾಗಲಿಲ್ಲ" ಎಂದ. "ರೈಲು ಅವಳ ಮನೆಯ ಹತ್ತಿರ ನಿಲ್ಲುತ್ತದೆ ಅಂದರೆ?"

"ಸ್ಟೇಷನ್ನು. ಅವಳು ಕೇಳಿದ್ದಳಲ್ಲ, ನಿಲ್ಲುತ್ತದಾ ಅಂತ."

ಲೈನು ಕಡಿಯಿತೇನೋ ಎಂದು ಮಾಧುರಿ ಫೋನನ್ನು ಕಿವಿಯಿಂದ ತೆಗೆದು ನೋಡಿದಳು.

"ಅವಳು ಕೇಳಿದ್ದು ಅದಲ್ಲ" ಎಂದ ಐಬೆಕ್ ಕೊನೆಗೆ. "ಈ ರೈಲಿನ ಕೆಲಸ ನಿಲ್ಲುತ್ತದಾ, ಇದನ್ನು ಕೈಬಿಡುತ್ತಾರಾ ಅಂತ ಕೇಳಿದ್ದಳು. ನನ್ನ ಇಂಗ್ಲಿಷು... ನಿಲ್ಲುತ್ತದಾ ಅಂದೆ. ನೀವು ನಿಲ್ಲುತ್ತದೆ ಅಂದಿರಿ. ಖಂಡಿತವಾಗಿಯಾ ಅಂತ ಮತ್ತೆ ಕೇಳಿದೆ. ಖಂಡಿತ ಅಂದಿರಿ. ಒಳಗಿನ ಗುಟ್ಟನ್ನು ಅವಳ ಮೇಲಿನ ಕರುಣೆಯಿಂದ ಹೇಳುತ್ತಿದ್ದೀರಿ ಅಂದುಕೊಂಡೆ. ಅದಕ್ಕೇ ಫಾರಮ್ಮಿನಲ್ಲಿ ಬರೆಯಲಿಲ್ಲ. ಯಾರಿಗೂ ಹೇಳಲೂ ಇಲ್ಲ."

ಪ್ಲಾಟ್‌ಫಾರಮ್ಮಿನ ಅಂಚಿನ ಹಳದಿ ಪಟ್ಟಿಯ ಮೇಲೆ ಮಾಧುರಿ ನಿಂತಿದ್ದಳು. ವಿಮಾನವೊಂದು ತೀರಾ ಕೆಳಗೆ, ಸದ್ದೇ ಇಲ್ಲದ ಹಾಗೆ ಹಾಯಿತು. ಅದರ ಸದ್ದು ಆಮೇಲೆ ಬಂತು. ಐಬೆಕ್ ಮುಂದುವರಿಸುತ್ತಿದ್ದ, ತಪ್ಪೊಪ್ಪಿಗೆಯ ದನಿಯಲ್ಲಿ. ಹೋದ ವರ್ಷ ಸರ್ಕಾರದವರು ಜಮೀನು ಬಿಟ್ಟುಕೊಡುವ ಕಾಗದ ತಂದಿದ್ದರಂತೆ. ಅಕ್ಟೋಬರಿನೊಳಗೆ ಸಹಿ ಹಾಕಿದವರಿಗೆ ಕೆಳಗಿನ ಕಣಿವೆಯಲ್ಲಿ ಅಷ್ಟೇ ಅಗಲದ ಹುಲ್ಲುಗಾವಲು. ಹಾಕದವರಿಗೆ ಪೇಟೆಯಲ್ಲಿ ಅಪಾರ್ಟ್‌ಮೆಂಟು. ನೂರ ನಲವತ್ತೆರಡರಲ್ಲಿ ಒಬ್ಬರೂ ಸಹಿ ಹಾಕಲಿಲ್ಲ. ರೈಲೇ ಬರುವುದಿಲ್ಲವಲ್ಲ, ಹುಲ್ಲುಗಾವಲು ಯಾಕೆ ಬಿಡಬೇಕು. ಮಾಧುರಿ ಕೇಳುತ್ತಿದ್ದಳು. ಆ ಸಮತಟ್ಟು ಜಾಗ ಕಣ್ಣ ಮುಂದೆ ಬಂತು: ಒಂದಿದೆ, ನಾನು ನೋಡಿದ್ದೇನೆ. ಮಾರ್ಚಿನಲ್ಲಿ ಚುಕ್ಕೆ ಅಳಿಸಿದಾಗ ಹಳಿ ಆ ಹುಲ್ಲಿನ ಅಂಚನ್ನು ಸವರಿಕೊಂಡು ಮುಂದೆ ಹೋಗುತ್ತಿತ್ತು, ಅಷ್ಟೆ. ಇವತ್ತು ಬೆಳಿಗ್ಗೆ ಅವಳು ಅದರ ಮೇಲೆ ಎರಡನೆಯ ಹಳಿ ಹಾಸಿ, ಮನೆಯಿದ್ದಲ್ಲಿ ಪ್ಲಾಟ್‌ಫಾರಮ್ಮು ಕಟ್ಟಿ, ಕೈಕುಲುಕಿಸಿಕೊಂಡು ಬಂದಿದ್ದಳು. ಎರಡು ವರ್ಷ ತಾನು ಹೊತ್ತು ತಿರುಗಿದ್ದು ನಿಜವಾದ ಅಪರಾಧವನ್ನಲ್ಲ, ಅದರ ಪಕ್ಕದ ಮನೆಯ ವಿಳಾಸವನ್ನು. ನಗು ಬಂದಂತಾಗಿ ಬಾಯಿ ಮುಚ್ಚಿಕೊಂಡಳು.

"ಅವಳ ಮನೆಗೆ ಹೋಗುತ್ತೀರಾ?" ಎಂದಳು. "ನಾನೇ ಹೇಳಬೇಕು. ಒಂದೂವರೆ ಗಂಟೆ ಬಿಟ್ಟು ವಿಡಿಯೋ ಮಾಡುತ್ತೇನೆ."

ಬಾಲ್ಬೋವಾ ಪಾರ್ಕ್ ಸ್ಟೇಷನ್ನಿನಲ್ಲಿ ಇಳಿದು ಡಬ್ಲಿನ್ನಿನ ಗಾಡಿಗೆ ಕಾಯುತ್ತ ನವೀನನಿಗೆ ಫೋನು ಮಾಡಿದಳು. ಅವನ ಹಿಂದೆ ಮಕ್ಕಳ ಕೇಕೆ. ಮಗಳನ್ನು ಡೇಕೇರಿನಿಂದ ಕರೆದುಕೊಂಡು ಬರುತ್ತಿದ್ದ. ಎಲ್ಲ ಕೇಳಿದ.

"ಮಾಧುರಿ, ನೋಡಿ, ಟ್ರಾನ್ಸ್‌ಲೇಷನ್ ಮಿಸ್ಟೇಕು. ನಿಮ್ದಲ್ಲ. ನಂಬರ್ ಆಗ್ಲೇ ಕ್ಲೈಂಟಿಗೆ ಹೋಗಿದೆ. ಸುಮ್ನಿದ್ಬಿಡಿ."

"ಹನ್ನೆರಡು ಮನೆಯವ್ರು ನನ್ನ ಮಾತು ಕೇಳಿ ಸಹಿ ಹಾಕಿಲ್ಲ, ನವೀನ್."

"ನೀವು ಹೇಳಿದ್ರಿ ಅಂತ ಎಲ್ಲೂ ರೆಕಾರ್ಡ್ ಇಲ್ವಲ್ಲ."

"ನಾನು ಬರ್ಕೊಡ್ತೀನಿ. ಜನಕ್ಕೆ ತಪ್ಪು ಮಾಹಿತಿ ಕೊಟ್ಟಿದ್ದು ನಾನು ಅಂತ. ಆಗ ಏನಾಗುತ್ತೆ?"

ಮಗು ಏನೋ ಕೇಳಿತು. 'ಒನ್ ಮಿನಿಟ್ ಪುಟ್ಟಾ' ಎಂದ. ಆಮೇಲೆ ಆಫೀಸಿನ ದನಿ ಬಿಟ್ಟು ಮೆಲ್ಲಗೆ ಹೇಳಿದ: "ಆ ಸೆಕ್ಷನ್ನು ಮತ್ತೆ ಓಪನ್ ಆಗುತ್ತೆ. ಸಹಿಗೆ ಹೊಸ ಡೇಟ್ ಕೊಡ್ಲೇಬೇಕು, ಅದು ಸಾಲದ ರೂಲು. ನಿಮ್ಮ ಸ್ಟೇಷನ್ನೂ ನಿಂತುಹೋಗುತ್ತೆ. ಆದ್ರೆ ನಿಮ್ಮನ್ನ ನಾನು ಇಟ್ಕೊಳ್ಳೋಕಾಗಲ್ಲ ಮಾಧುರಿ. ಈ ಪ್ರಾಜೆಕ್ಟಲ್ಲೂ, ಮುಂದಿನದ್ರಲ್ಲೂ. ಸರ್ವೇಲಿ ಮಾತು ಕೊಟ್ಟವ್ರು ಅಂತ ಹೆಸ್ರು ಬಿದ್ಮೇಲೆ ಯಾರೂ ಕಳ್ಸಲ್ಲ."

"ಹ್ಞೂಂ" ಎಂದಳು. ಗಾಡಿ ಬಂತು. ಕೊಲ್ಲಿಯ ಕೆಳಗೆ ಮತ್ತೆ ಕಿಟಕಿ ಕಪ್ಪಾಗುವ ಮುಂಚೆಯೇ ಅವಳು ಫೋನಿನಲ್ಲಿ ಆ ಕಾಗದ ಬರೆದು ಮುಗಿಸಿದ್ದಳು. ಎಂಟು ಸಾಲು. ಹನ್ನೊಂದು ವರ್ಷದಲ್ಲಿ 'ನಾನು' ಎಂಬ ಪದವಿದ್ದ ಒಂದು ಸಾಲನ್ನೂ ಆಫೀಸಿಗಾಗಿ ಬರೆದಿರಲಿಲ್ಲ. ಆ ಪದ ಬೆರಳಿಗೆ ಒರಟಾಗಿ ತಾಗಿತು. ಓಕ್‌ಲ್ಯಾಂಡಿನ ಬೆಳಕಿಗೆ ಗಾಡಿ ಏರಿದಾಗ ಕಳಿಸಿದಳು. ಬಂದರಿನ ಕ್ರೇನುಗಳು ಸಂಜೆ ಬಿಸಿಲಲ್ಲಿ ನೀರು ಕುಡಿಯಲು ಬಂದ ದನಗಳ ಹಾಗೆ ನಿಂತಿದ್ದವು. ಮೂವತ್ತೈದು ದಿನದ ದಾರಿಯ ಸರಕು.

ಡಬ್ಲಿನ್ನಿನಲ್ಲಿ ಎಲ್ಲರೂ ಇಳಿದು ಹೋದ ಮೇಲೆ ಪ್ಲಾಟ್‌ಫಾರಮ್ಮಿನ ಬೆಂಚಿನ ಮೇಲೆ ಕೂತು ಕರೆ ಮಾಡಿದಳು. ಎರಡೂ ಕಡೆ ಫ್ರೀವೇ ಮೊರೆಯುತ್ತಿತ್ತು. ಪರದೆಯಲ್ಲಿ ಮೊದಲು ಆಕಾಶ, ಆಮೇಲೆ ಹುಲ್ಲು, ಆಮೇಲೆ ಬೂರುಲ್. ಹಾಲು ಕರೆದು ಬಂದಿದ್ದಳು, ಕೈಯಲ್ಲಿ ಬಕೀಟಿತ್ತು. ಮಾಧುರಿಯನ್ನು ಕಂಡು ಹಲ್ಲಿಲ್ಲದ ಬಾಯಿ ತೆರೆದು ನಕ್ಕಳು. ಆ ನಗುವಿಗೆ ಮುಖ ಕೊಟ್ಟು ಹೇಳುವುದು ಮೀಟಿಂಗಿಗಿಂತ, ಕಾಗದಕ್ಕಿಂತ ಕಷ್ಟವಾಗಿತ್ತು. ಒಂದೊಂದೇ ವಾಕ್ಯ ಹೇಳಿ ಕಾದಳು. ರೈಲು ಬರುತ್ತದೆ. ನಾನು ನಿಮ್ಮ ಪ್ರಶ್ನೆಯನ್ನು ತಪ್ಪು ತಿಳಿದೆ. ರೈಲು ಇಲ್ಲಿ ನಿಲ್ಲುತ್ತದಾ ಅಂತ ಕೇಳಿದಿರಿ ಅಂದುಕೊಂಡು, ಇವತ್ತು ನಿಮ್ಮ ಹುಲ್ಲುಗಾವಲನ್ನೇ ತೋರಿಸಿಬಂದೆ. ಅದನ್ನು ಈಗ ತಡೆಯಲು ಬರೆದಿದ್ದೇನೆ. ಸಹಿಗೆ ಮತ್ತೆ ಕಾಗದ ತರುತ್ತಾರೆ. ಈ ಸಲ ಯೋಚನೆ ಮಾಡಿ ಹಾಕಿ. ಒಂದೊಂದು ವಾಕ್ಯಕ್ಕೂ ಮುದುಕಿಯ ನಗು ಸ್ವಲ್ಪ ಸ್ವಲ್ಪವೇ ಒಳಗೆ ಹೋಯಿತು. ಅವಳು ಬಕೀಟನ್ನು ಕೆಳಗಿಟ್ಟಳು. ಹುಲ್ಲಿನ ಕಡೆ ನೋಡಿದಳು. ಆಮೇಲೆ ತುಂಬ ಹೊತ್ತು ಮಾತಾಡಿದಳು, ಸಿಟ್ಟಿಲ್ಲದೆ, ಮಗುವಿಗೆ ದಾರಿ ಹೇಳುವವಳ ಹಾಗೆ.

"ಅವಳು ಹೇಳುತ್ತಾಳೆ" ಎಂದ ಐಬೆಕ್. "ಸಹಿ ಹಾಕಬೇಡಿ ಅಂತ ಹನ್ನೊಂದು ಬಾಗಿಲಿಗೆ ಹೋಗಿ ಹೇಳಿದವಳು ನಾನು. ದೂರದಿಂದ ಬಂದ ಹೆಣ್ಣುಮಗಳು ನನ್ನ ಒಲೆಯ ಮುಂದೆ ಕೂತು ಹೇಳಿದ್ದಾಳೆ, ಸುಳ್ಳಾಗುವುದಿಲ್ಲ ಅಂದೆ. ಇನ್ನೊಂದು ಸಲ ಆ ಹನ್ನೊಂದು ಬಾಗಿಲಿಗೆ ನಾನು ಹೋಗಲಾರೆ. ನೀನೇ ಬಂದು ಹೇಳು."

ಮಾಧುರಿಯ ಮನಸ್ಸಿನಲ್ಲಿ ಲೆಕ್ಕವಿಲ್ಲದಷ್ಟು ಬಾಗಿಲುಗಳು ತೆರೆದುಕೊಂಡವು, ಮುಚ್ಚಿಕೊಂಡವು. ಆಫೀಸು ಕಳಿಸುವುದಿಲ್ಲ. ರಜೆ, ವೀಸಾ, ಕಣಿವೆಯ ಹಿಮ. ಕಳೆದ ಸಲ ಬೆನ್ನಿಗೆ ಒಂದು ತಂಡವಿತ್ತು, ಜೀಪಿತ್ತು, ಫಾರಮ್ಮುಗಳಿದ್ದವು.

"ಬರುತ್ತೇನೆ" ಎಂದಳು.

ಐಬೆಕ್ ಅನುವಾದಿಸಲಿಲ್ಲ. ಫೋನನ್ನು ತನ್ನ ಕಡೆ ತಿರುಗಿಸಿಕೊಂಡ. ಎರಡು ವರ್ಷದಲ್ಲಿ ಅವನ ಮುಖದಿಂದ ಹುಡುಗುತನ ಹೋಗಿತ್ತು. "ಬರುತ್ತೇನೆ ಅಂದರೆ ಇಲ್ಲಿಗೆ, ಈ ಮನೆಗೆ, ನೀವೇ. ಹೌದಾ?"

"ಹೌದು."

"ಯಾವಾಗ?"

"ಜೂನ್ ಮುಗಿಯುವುದರೊಳಗೆ."

"ಹೇಳಲಾ?"

ಫ್ರೀವೇಯಾಚೆ ಗುಡ್ಡಗಳ ಮೇಲಿನ ಬಿಸಿಲು ಇಳಿಯುತ್ತಿತ್ತು. ಅವು ಇದ್ದಷ್ಟೇ ಎತ್ತರವಿದ್ದವು.

"ಹೇಳಿ."

ಅವನು ತಿರುಗಿ ಹೇಳಿದ. ನಾಲ್ಕೈದೇ ಮಾತು. ಬೂರುಲ್ ತಲೆದೂಗಿ ಏನೋ ಕೇಳಿದಳು.

"ಎಷ್ಟು ಜನ ಬರುತ್ತೀರಿ ಅಂತ ಕೇಳುತ್ತಿದ್ದಾಳೆ."

"ಒಬ್ಬಳೇ" ಎಂದಳು ಮಾಧುರಿ.